ನೆಲೆ ತಪ್ಪಿದ ವಿದ್ಯೆ

ವಿದ್ಯೆಯು ಕಳ್ಳರು ಕದಿಯಲಾರದ ಧನವೆಂದೂ ಅರಸನು ಕಿತ್ತುಕೊಳ್ಳಲಾರದ ಸೊತ್ತೆಂದೂ ಹಿರಿಯರು ಹೇಳುತ್ತ ಬಂದಿರುವರು. ಮಕ್ಕಳನ್ನು ಓದಿಗೆ ಹಚ್ಚುವಾಗ ಈ ಮಾತನ್ನು ಆಡದ ತಂದೆತಾಯಿಗಳು ಕಡಿಮೆ. ಮಾತು ದಿಟವೇ ಆದರೂ ಅದಕ್ಕೊಂದು ಪೂರಣವು ಬೇಕು. ವಿದ್ಯೆಯು ಮನುಷ್ಯನ ಕೈಯಲ್ಲಿಯೋ ಕಾಲಿನಲ್ಲಿಯೋ ಬುದ್ಧಿಯಲ್ಲಿಯೋ ನೆಲಸಿರಬಹುದು. ಆದರೆ ಅದು ಫಲ ಕೊಡುವುದಕ್ಕೆ ಹೊರಗೆ ಒಂದು ನೆಲೆ ಇರಬೇಕು. ನೇಯುವವನಿಗೆ ಮಗ್ಗ, ಭಾಗವತನಿಗೆ ರಂಗಸ್ಥಳ, ಆಟಗಾರನಿಗೆ ಬಯಲು ಮತ್ತು ಜತೆಗಾರರು, ಶಿಲ್ಪಿಗೆ ಕಟ್ಟಿಸುವ ಧಣಿ. ಇವು ಇಲ್ಲದಿದ್ದರೆ ವಿದ್ಯೆ ಇದ್ದೂ ಇಲ್ಲದಂತೆಯೇ ಸರಿ. ವಿದ್ಯೆಯನ್ನು ಕಸಿಯಲಾರದ ಅರಸನು ಅದರ ನೆಲೆಯನ್ನು ಸುಲಭವಾಗಿ ಕಸಿಯಬಲ್ಲನು. 1933ರಿಂದ ಮುಂದಕ್ಕೆ ಜರ್ಮನಿಯು ತನ್ನ ಯೆಹೂದ್ಯ ಪ್ರಜೆಗಳ ವಿಷಯದಲ್ಲಿ ಮೊದಲು ಮಾಡಿದುದು ಇದನ್ನೇ. ಪ್ರಾಣವನ್ನು ಕಸಿದುದು ಆ ಬಳಿಕ. ಆ ಕಾಲದ ಇಬ್ಬರು ಕಾಲ್ಚೆಂಡಾಟಗಾರರ ಮತ್ತು ಒಬ್ಬ ವಾಸ್ತುಶಿಲ್ಪಿಯ ಬಾಳನ್ನು ಜತೆಯಾಗಿ ಇಟ್ಟು ನೋಡಿದರೆ, ನೆಲೆ ತಪ್ಪಿದವರಿಗೆ ನೆಲೆ ಕೊಡುವುದೆಂದರೇನು ಎಂಬುದು ಚೆನ್ನಾಗಿ ತಿಳಿಯುವುದು. ಆ ಶಿಲ್ಪಿಯ ಬಾಳಿನಲ್ಲಿ ಕನ್ನಡ ನಾಡಿಗೂ ಒಂದು ಪಾಲುಂಟು.

ಯೆಹೂದ್ಯರು ಈ ಕರಾವಳಿಗೆ ತೀರ ಅಪರಿಚಿತರಲ್ಲ. ಹನ್ನೆರಡನೆಯ ಶತಮಾನದಲ್ಲಿ ತುಳುನಾಡನ್ನು ಆಳುಪರು ಆಳುತ್ತಿದ್ದಾಗ, ಉತ್ತರ ಆಫ್ರಿಕದ ಮಹ್ದಿಯಾ ಎಂಬ ರೇವುಪಟ್ಟಣದ ಅಬ್ರಹಾಂ ಬೆನ್ ಯಿಜೂ ಎಂಬ ಯೆಹೂದ್ಯ ವರ್ತಕನು ಏಡನ್ ಮಾರ್ಗವಾಗಿ ಇಲ್ಲಿಗೆ ಬಂದಿದ್ದನು. 1132ರಲ್ಲಿ ಅವನು ಮಂಗಳೂರಿನಲ್ಲಿದ್ದುದಕ್ಕೆ ಬರಹದ ಆಧಾರವಿದೆ. 1149ರಲ್ಲಿ ಏಡನಿಗೆ ಮರಳುವ ತನಕ ಸುಮಾರು ಹದಿನೇಳು ವರ್ಷ ಈ ಕಡಲ ತಡಿಯಲ್ಲಿಯೇ ನಿಂತು, ಅಡಕೆ, ಮೆಣಸು, ಕಬ್ಬಿಣಗಳನ್ನು ಹಡಗಿಗೆ ಹೇರಿಸುತ್ತ, ಹಿತ್ತಾಳೆಯ ಪಾತ್ರೆಗಳನ್ನು ಮಾಡಿಸುವ ಕಾರ್ಖಾನೆಯೊಂದನ್ನು ನಡೆಸುತ್ತ ಇದ್ದನು. ಅವನ ವ್ಯಾಪಾರದ ಕೆಲಸಕ್ಕಾಗಿ ಏಡನಿನ ವರೆಗೂ ಹೋಗಿ ಬರುತ್ತಿದ್ದ ಸೇವಕನ ಹೆಸರನ್ನು ವಿದ್ವಾಂಸರು ಬೊಮ್ಮನೆಂದು ಓದಿರುವರು. ಕೈರೋ ನಗರದ ಪ್ರಾಚೀನ ಯೆಹೂದ್ಯ ಮಂದಿರವೊಂದರಲ್ಲಿ ರಾಶಿಬಿದ್ದಿದ್ದ ಓಲೆಗಳಿಂದ ಈ ಸಂಗತಿಗಳು ಹೊರಬಿದ್ದವು. ಊರು ಬಿಟ್ಟು ಬಂದವನು ಇಲ್ಲಿ ತೊಡಗಿದ ಕೆಲಸದಿಂದ ಇಲ್ಲಿಯವರಿಗೂ ಜೀವನ ನಡೆಯಿತೆಂಬುದು ಅವುಗಳಿಂದ ತಿಳಿಯುವುದು.

ಜರ್ಮನರಾದರೋ ತುಳುನಾಡಿಗೆ ಇನ್ನೂ ಹೆಚ್ಚು ಪರಿಚಿತರು. 1834ರಲ್ಲಿ ಮಂಗಳೂರಿಗೆ ಬಂದಿಳಿದ ಬಾಸೆಲ್ ಮಿಶನಿನವರಲ್ಲಿ ಬಹುಮಂದಿ ಜರ್ಮನಿಯ ತೆಂಕಣ ಸೀಮೆಯವರು. 1865ರಲ್ಲಿ ಅವರು ಮಂಗಳೂರಿನಲ್ಲಿ ತೊಡಗಿಸಿದ ಹಂಚಿನ ಕಾರ್ಖಾನೆಯ ದೆಸೆಯಿಂದ ಬಂಟವಾಳ, ಬೆಳ್ತಂಗಡಿ, ಮೂಡಬಿದಿರೆಗಳ ಕಡೆಯ ಹುಲ್ಲು ಮಾಡುಗಳು ಕ್ರಮೇಣ ಹಂಚಿನ ಮಾಡುಗಳಾದವು. 1894ರಲ್ಲಿ ಅಚ್ಚಾದ ಕಿಟೆಲರ ನಿಘಂಟು ಕನ್ನಡದ ವಿದ್ವಾಂಸರ ಮನೆಗಳನ್ನು ಸೇರಿತು. ಆ ಮಿಶನಿಗೆ ಹೆಸರು ಕೊಟ್ಟ ಬಾಸೆಲ್ ನಗರವು ರೈನ್ ನದಿಯ ದಂಡೆಯಲ್ಲಿದೆ. ಅಲ್ಲಿಂದ ಹೊಳೆಯ ಹರಿವನ್ನು ಹಿಡಿದು ಬಡಗಣ ದಿಕ್ಕಿಗೆ ಸಾಗಿದರೆ ನದಿಗೆ ಸಮೀಪದಲ್ಲಿಯೇ ಕಾರ್ಲ್ಸ್‌ರೂಹೆ ಎಂಬ ಪಟ್ಟಣವು ಸಿಗುವುದು. ಕಾಲ್ಚೆಂಡಾಟಗಾರರ ಕಥೆ ಆ ಊರಿನದು.

ಜರ್ಮನಿಯಲ್ಲಿ ಕಾಲ್ಚೆಂಡಾಟವು ಬೇರೂರಿದ ಮೊದಲ ಊರುಗಳಲ್ಲಿ ಕಾರ್ಲ್ಸ್‌ರೂಹೆಯೂ ಒಂದು. ಅಲ್ಲಿನ ಕಾಲ್ಚೆಂಡು ಸಂಘವು 1891ರಲ್ಲಿ ಸ್ಥಾಪಿತವಾಯಿತು. ಅದರ ಸ್ಥಾಪನೆಗೆ ಮುಂದಾಳಾಗಿ ನಿಂತ ವಾಲ್ಟರ್ ಬೆನ್ಸೆಮಾನ್ ಎಂಬವರು ಯೆಹೂದ್ಯರು. ಅವರೇ ಮುಂದೆ 1920ರಲ್ಲಿ ‘ಕಿಕರ್’ ಎಂಬ ಕ್ರೀಡಾಪತ್ರಿಕೆಯನ್ನು ಹೊರಡಿಸಿದರು. ಈ ಸಂಘದಲ್ಲಿ ಆಡುತ್ತ ಬೆಳೆದ ಇಬ್ಬರು ಯೆಹೂದ್ಯ ತರುಣರು ಗಾಟ್‌ಫ್ರೀಡ್ ಫುಕ್ಸ್ ಮತ್ತು ಯೂಲಿಯುಸ್ ಹಿರ್ಶ್. ಫುಕ್ಸರು 1889ರಲ್ಲಿ ಕಾರ್ಲ್ಸ್‌ರೂಹೆಯ ಮರದ ವ್ಯಾಪಾರಿಗಳ ಮನೆಯಲ್ಲಿ ಹುಟ್ಟಿದವರು; ಹಿರ್ಶರು 1892ರಲ್ಲಿ ಅದೇ ಸೀಮೆಯ ಆಖೆರ್ನ್ ಎಂಬ ಸಣ್ಣ ಊರಿನಲ್ಲಿ ಹುಟ್ಟಿದವರು. ಇವರಿಬ್ಬರೂ ಫ್ರಿಟ್ಸ್ ಫೋರ್ಡರರ್ ಎಂಬ ಮೂರನೆಯವರೂ ಕೂಡಿ ಸಂಘದ ಮುಂಚೂಣಿಯಲ್ಲಿ ಆಡುತ್ತಿದ್ದರು. 1910ರಲ್ಲಿ ಕಾರ್ಲ್ಸ್‌ರೂಹೆಯ ಸಂಘವು ಕೀಲ್ ಪಟ್ಟಣದ ತಂಡವನ್ನು ಒಂದು ಗೋಲಿನಿಂದ ಸೋಲಿಸಿ ಇಡಿಯ ಜರ್ಮನಿಯ ಚಾಂಪಿಯನ್ ಪಟ್ಟವನ್ನು ಪಡೆಯಿತು.

ಬಳಿಕ ಇಬ್ಬರೂ ರಾಷ್ಟ್ರದ ತಂಡಕ್ಕೆ ಸೇರಿದರು. 1912ರ ಮಾರ್ಚಿಯಲ್ಲಿ ಹಾಲೆಂಡಿನ ಎದುರು ನಡೆದ ಪಂದ್ಯದಲ್ಲಿ ಹಿರ್ಶರು ಒಬ್ಬರೇ ನಾಲ್ಕು ಗೋಲು ಹೊಡೆದರು. ಅದೇ ವರ್ಷ ಜುಲೈ 1ರಂದು, ಸ್ಟಾಕ್‌ಹೋಮಿನ ಒಲಿಂಪಿಕ್ ಕ್ರೀಡೆಗಳಲ್ಲಿ, ಜರ್ಮನಿಯು ರಷ್ಯವನ್ನು 16 ಗೋಲುಗಳಿಂದ ಸೋಲಿಸಿತು. ಆ ಹದಿನಾರರಲ್ಲಿ ಹತ್ತು ಫುಕ್ಸರವು. ಅಂತರರಾಷ್ಟ್ರೀಯ ಪಂದ್ಯವೊಂದರಲ್ಲಿ ಒಬ್ಬನೇ ಹತ್ತು ಗೋಲು ಹೊಡೆದ ಸಾಧನೆಯು ಅದಕ್ಕೆ ಮೊದಲು 1908ರಲ್ಲಿ ಡೆನ್ಮಾರ್ಕಿನ ಆಟಗಾರನೊಬ್ಬನಿಂದ ಮಾತ್ರ ಆಗಿತ್ತು; 2001ರ ತನಕ ಅದನ್ನು ಮೀರಿದವರು ಯಾರೂ ಇರಲಿಲ್ಲ. ಜರ್ಮನಿಯ ಪರವಾಗಿ ಫುಕ್ಸರು ಆಡಿದುದು ಒಟ್ಟು ಆರೇ ಪಂದ್ಯಗಳು; ಹೊಡೆದ ಗೋಲುಗಳು ಹದಿಮೂರು.

1914ರಲ್ಲಿ ಮಹಾಯುದ್ಧವು ತೊಡಗಲು ಇಬ್ಬರೂ ಸೈನ್ಯವನ್ನು ಸೇರಿದರು. ಇಬ್ಬರಿಗೂ ಶೌರ್ಯದ ಗುರುತಾದ ‘ಕಬ್ಬಿಣದ ಶಿಲುಬೆ’ಯ ಪದಕವು ದೊರೆಯಿತು. ಹಿರ್ಶರ ಅಣ್ಣತಮ್ಮಂದಿರಲ್ಲಿ ಒಬ್ಬನು ರಣದಲ್ಲಿ ಮಡಿದನು. ಆ ಯುದ್ಧದಲ್ಲಿ ಜರ್ಮನಿಗಾಗಿ ಪ್ರಾಣಕೊಟ್ಟ ಯೆಹೂದ್ಯ ಸೈನಿಕರ ಸಂಖ್ಯೆ ಸುಮಾರು 12,000. ಯುದ್ಧವು ಮುಗಿದ ಮೇಲೆ ಇಬ್ಬರೂ ತಮ್ಮ ತಮ್ಮ ಮನೆತನದ ವ್ಯಾಪಾರವನ್ನು ನೋಡಿಕೊಳ್ಳುತ್ತ, ಆಟವನ್ನು ನಿಲ್ಲಿಸಿದ ಮೇಲೂ ಊರಿನವರ ಮನ್ನಣೆಯಲ್ಲಿ ಬದುಕಿದ್ದರು. ತಾವು ಮೊದಲು ಜರ್ಮನರು, ಬಳಿಕ ಯೆಹೂದ್ಯರು ಎಂದೇ ಅವರಂಥವರ ಭಾವನೆ.

1933ರ ಜನವರಿಯಲ್ಲಿ ಹಿಟ್ಲರನು ಅಧಿಕಾರಕ್ಕೆ ಬಂದನು. ಎಪ್ರಿಲ್ 7ರಂದು ಯೆಹೂದ್ಯರನ್ನು ಸರಕಾರಿ ಉದ್ಯೋಗಗಳಿಂದ ತೆಗೆದುಹಾಕುವ ಕಾಯಿದೆಯು ಹೊರಟಿತು. ಆ ಕಾಯಿದೆಯು ಆಟದ ಸಂಘಗಳಿಗೆ ಅನ್ವಯಿಸುತ್ತಿರಲಿಲ್ಲ. ಆದರೂ ಎರಡು ದಿನಗಳೊಳಗಾಗಿ, ಎಪ್ರಿಲ್ 9ರಂದು, ತೆಂಕಣ ಜರ್ಮನಿಯ ಹೆಸರಾಂತ ಕಾಲ್ಚೆಂಡು ಸಂಘಗಳು ಯಾರೂ ಒತ್ತಾಯಿಸದೆಯೇ ಕೂಡಿಕೊಂಡು, ಯೆಹೂದ್ಯರನ್ನು ಸಂಘಗಳಿಂದ ದೂರವಿಡುವ ಕೆಲಸದಲ್ಲಿ ಹೊಸ ಸರಕಾರಕ್ಕೆ ನೆರವಾಗುವೆವೆಂದು ಸಾರಿದವು. ಕಾರ್ಲ್ಸ್‌ರೂಹೆಯ ಸಂಘವೂ ಅವುಗಳಲ್ಲಿ ಒಂದು. ಹಿರ್ಶರು ಮರುದಿನ ಇದನ್ನು ವೃತ್ತಪತ್ರಿಕೆಯಲ್ಲಿ ಓದಿದರು. ಹತ್ತು ವರ್ಷದ ಹುಡುಗನಾಗಿದ್ದಾಗ ಸೇರಿದ ಸಂಘ ಅದು. ಹೊರಗೆ ಹಾಕುವುದನ್ನು ಕಾಯದೆ ಅವರು ಅಂದೇ ರಾಜೀನಾಮೆಯ ಓಲೆಯನ್ನು ಬರೆದರು. ದೇಶಕ್ಕಾಗಿ ನೆತ್ತರು ಸುರಿಸಿದ ಜರ್ಮನ್ ಯೆಹೂದ್ಯರೂ ಉಂಟೆಂಬುದನ್ನು ಅದರಲ್ಲಿ ವಿನಯದಿಂದಲೇ ನೆನಪಿಸಿದರು. ಸಂಘವನ್ನು ಸ್ಥಾಪಿಸಿದ ಬೆನ್ಸೆಮಾನರು ಅದೇ ವರ್ಷ ದೇಶವನ್ನು ಬಿಟ್ಟು ಸ್ವಿಟ್ಜರ್ಲೆಂಡನ್ನು ಸೇರಿ, 1934ರಲ್ಲಿ ಅಲ್ಲಿಯೇ ತೀರಿಕೊಂಡರು. ಅವರು ಕಟ್ಟಿದ ‘ಕಿಕರ್’ ಪತ್ರಿಕೆಯ ಹೆಸರಿನಲ್ಲಿ 1939ರಲ್ಲಿ ಜರ್ಮನಿಯ ರಾಷ್ಟ್ರೀಯ ಆಟಗಾರರ ಚಿತ್ರಸಂಪುಟವೊಂದು ಹೊರಟಾಗ, ಅದರಲ್ಲಿ ಫುಕ್ಸರ ಚಿತ್ರವೂ ಇರಲಿಲ್ಲ, ಹಿರ್ಶರ ಚಿತ್ರವೂ ಇರಲಿಲ್ಲ.

ಹಿರ್ಶರು ಊರನ್ನು ಬಿಡಲಿಲ್ಲ. ವ್ಯಾಪಾರವು ಮುರಿದುಬಿದ್ದ ಮೇಲೆ ಕೂಲಿಯ ಕೆಲಸವನ್ನೂ ಮಾಡಿದರು. ಅವರ ಮಡದಿ ಕ್ರೈಸ್ತಳು. ಮಕ್ಕಳಿಬ್ಬರ ರಕ್ಷಣೆಗಾಗಿ ದಂಪತಿಗಳು ವಿವಾಹವನ್ನು ಬಿಡಿಸಿಕೊಂಡರು. ಹೀಗೆ ಮಾಡಿದುದರಿಂದ ಹಿರ್ಶರಿಗೆ ಇದ್ದ ಕೊನೆಯ ಆಸರೆಯೂ ತಪ್ಪಿತು. 1943ರ ಮಾರ್ಚ್ 1ರಂದು ಅವರನ್ನು ಕಾರ್ಲ್ಸ್‌ರೂಹೆಯಿಂದ ರೈಲಿನಲ್ಲಿ ಆಶ್ವಿಟ್ಸಿಗೆ ಸಾಗಿಸಿದರು. ದಾರಿಯಲ್ಲಿ ಅಂಚೆಗೆ ಹಾಕಿದ ಒಂದು ಕಾರ್ಡು ಮಗಳ ಹುಟ್ಟುಹಬ್ಬಕ್ಕೆ ಮನೆ ಮುಟ್ಟಿತು. ಅದೇ ಅವರ ಕಡೆಯ ಸುದ್ದಿ. ಐವತ್ತೊಂದನೆಯ ವಯಸ್ಸಿಗೆ ಆಗ ಒಂದು ತಿಂಗಳು ಬಾಕಿಯಿತ್ತು. 1945ರ ಆರಂಭದಲ್ಲಿ ಮಕ್ಕಳನ್ನೂ ಸೆರೆಶಿಬಿರಕ್ಕೆ ಒಯ್ದರಾದರೂ ಅಷ್ಟರಲ್ಲಿ ಯುದ್ಧವು ಮುಗಿಯುತ್ತ ಬಂದಿದ್ದುದರಿಂದ ಅವರು ಬದುಕಿ ಉಳಿದರು.

ಫುಕ್ಸರು ಬೇರೆ ದಾರಿಯನ್ನು ಹಿಡಿದರು. 1937ರಲ್ಲಿ ಕುಟುಂಬದೊಡನೆ ಸ್ವಿಟ್ಜರ್ಲೆಂಡಿಗೆ ಹೋಗಿ, ಅಲ್ಲಿಂದ ಫ್ರಾನ್ಸಿಗೆ ಸರಿದು, ಜರ್ಮನ್ ಸೈನ್ಯವು ಅತ್ತ ನುಗ್ಗಿ ಬಂದ 1940ರಲ್ಲಿ ಕೆನಡಾ ದೇಶವನ್ನು ತಲಪಿದರು. ಮಾಂಟ್ರಿಯಲ್ ನಗರದಲ್ಲಿ ನೆಲಸಿದಾಗ ಅವರಿಗೆ ಐವತ್ತೊಂದು ವರ್ಷ. ಹೆಸರನ್ನೂ ಅಲ್ಲಿನವರ ನಾಲಗೆಗೆ ಒಗ್ಗುವಂತೆ ಗಾಡ್‌ಫ್ರೀ ಫಾಕ್ಸ್ ಎಂದು ಮಾರ್ಪಡಿಸಿಕೊಂಡರು. ಮಂಜುಗಡ್ಡೆಯ ಮೇಲೆ ಹಾಕಿಯಾಡುವ ದೇಶದಲ್ಲಿ ಕಾಲ್ಚೆಂಡಾಟದ ಹಳೆಯ ಕೀರ್ತಿಗೆ ಬೆಲೆ ಕಟ್ಟುವವರು ವಿರಳ. ಪ್ರಾಣವು ಉಳಿಯಿತು, ಮಕ್ಕಳೂ ಉಳಿದರು. ಆದರೆ ತನ್ನ ಊರಿನಲ್ಲಿ ತನ್ನ ಆಟವನ್ನು ಕಂಡವರ ನಡುವೆ ಮುದುಕನಾಗುವ ಸುಖವು ತಪ್ಪಿತು.

ಅವರನ್ನು ಮರೆಯದ ಒಬ್ಬರಿದ್ದರು. 1954ರಲ್ಲಿ ಪಶ್ಚಿಮ ಜರ್ಮನಿಗೆ ವಿಶ್ವಕಪ್ಪನ್ನು ಗೆದ್ದುಕೊಟ್ಟ ತರಬೇತುದಾರ ಸೆಪ್ ಹೆರ್ಬರ್ಗರರು ಬಾಲ್ಯದಲ್ಲಿ ಫುಕ್ಸರ ಆಟವನ್ನು ನೋಡಿ ಬೆರಗಾದವರು. 1972ರ ಮೇ ತಿಂಗಳಲ್ಲಿ ಮ್ಯೂನಿಕ್ ನಗರದ ಹೊಸ ಒಲಿಂಪಿಕ್ ಕ್ರೀಡಾಂಗಣದಲ್ಲಿ ಸೋವಿಯತ್ ರಷ್ಯದ ಎದುರು ಮೊದಲ ಪಂದ್ಯವೆಂದು ಗೊತ್ತಾಗಿತ್ತು. ರಷ್ಯದ ಎದುರು ಅರುವತ್ತು ವರ್ಷಗಳ ಹಿಂದೆ ಹತ್ತು ಗೋಲು ಹೊಡೆದ ವೃದ್ಧರನ್ನು ಅತಿಥಿಯಾಗಿ ಕರೆಯಿಸಬೇಕೆಂದು ಹೆರ್ಬರ್ಗರರು ಜರ್ಮನಿಯ ಕಾಲ್ಚೆಂಡು ಒಕ್ಕೂಟವನ್ನು ಕೇಳಿಕೊಂಡರು. ಖರ್ಚಿಗೆ ಹಣ ಸಾಲದು, ಒಬ್ಬರಿಗೆ ಮಾಡಿದರೆ ಎಲ್ಲರಿಗೂ ಮಾಡಬೇಕಾಗುವುದು ಎಂಬ ಅರ್ಥದ ಉತ್ತರವು ಮಾರ್ಚಿಯಲ್ಲಿ ಬಂದಿತು. ಅದಕ್ಕೆ ಒಂದು ತಿಂಗಳ ಮೊದಲೇ, ಫೆಬ್ರವರಿ 25ರಂದು, ಫುಕ್ಸರು ಮಾಂಟ್ರಿಯಲಿನಲ್ಲಿ ತೀರಿಕೊಂಡಿದ್ದರು.

ಇನ್ನು ಶಿಲ್ಪಿಯ ಕಥೆ. ಹಿರ್ಶರು ರಾಜೀನಾಮೆಯನ್ನು ಬರೆದ ಆ 1933ನೆಯ ಇಸವಿಯಲ್ಲಿಯೇ ಜರ್ಮನಿಯ ರಾಜಧಾನಿ ಬರ್ಲಿನಿನಲ್ಲಿ ಇಪ್ಪತ್ತನಾಲ್ಕು ವರ್ಷದ ತರುಣನೊಬ್ಬನು ಸರಕಾರದ ಕಟ್ಟಡ ಇಲಾಖೆಯ ಕೆಲಸವನ್ನು ಕಳೆದುಕೊಂಡನು. ಒಟ್ಟೊ ಕೋನಿಗ್ಸ್‌ಬರ್ಗರ್ ಎಂದು ಅವರ ಹೆಸರು. 1908ರಲ್ಲಿ ಯೆಹೂದ್ಯ ಮನೆತನದಲ್ಲಿ ಹುಟ್ಟಿದ ಅವರ ತಂದೆಯೂ ವಾಸ್ತುಶಿಲ್ಪಿಯೇ. ಹಾನ್ಸ್ ಪೋಲ್ಜಿಗ್, ಬ್ರೂನೊ ಟೌಟ್ ಮೊದಲಾದ ಪ್ರಸಿದ್ಧ ಆಚಾರ್ಯರ ಕೈಕೆಳಗೆ ಬರ್ಲಿನಿನ ತಾಂತ್ರಿಕ ವಿದ್ಯಾಲಯದಲ್ಲಿ ಓದಿದ ಅವರಿಗೆ ಆ ವರ್ಷವೇ ತರುಣ ಶಿಲ್ಪಿಗಳಿಗೆ ಕೊಡುವ ಶಿಂಕೆಲ್ ಪಾರಿತೋಷಕವು ದೊರಕಿತ್ತು. ಒಂದೇ ವರ್ಷದಲ್ಲಿ ದೇಶವು ವಿದ್ಯೆಯನ್ನು ಮೆಚ್ಚಿತು, ವಿದ್ಯಾವಂತನನ್ನು ಹೊರಗೆ ಹಾಕಿತು.

ಅವರು ಈಜಿಪ್ಟಿಗೆ ಹೋದರು. ನೆಫರ್‌ಟೀಟಿ ರಾಣಿಯ ಶಿರೋವಿಗ್ರಹವನ್ನು 1912ರಲ್ಲಿ ಅಗೆದು ತೆಗೆದ ಲುಡ್ವಿಗ್ ಬೋರ್ಖಾರ್ಟರ ಆಶ್ರಯದಲ್ಲಿ ಕೈರೋವಿನ ಪುರಾತತ್ತ್ವ ಸಂಸ್ಥೆಯೊಂದರಲ್ಲಿ ಕೆಲಸ ಸಿಕ್ಕಿತು. ಪ್ರಾಚೀನ ಈಜಿಪ್ಟಿನವರು ಬಾಗಿಲುಗಳನ್ನು ಹೇಗೆ ಮಾಡಿ ನಿಲ್ಲಿಸುತ್ತಿದ್ದರೆಂಬುದು ಅವರ ಸಂಶೋಧನೆಯ ವಿಷಯ. ಅದರ ಮೇಲೆ ಬರೆದ ಪ್ರಬಂಧಕ್ಕೆ ಡಾಕ್ಟರ್ ಪದವಿಯೂ ಬಂದಿತು. ಆದರೆ ಸಾವಿರಾರು ವರ್ಷಗಳ ಹಿಂದಣ ಬಾಗಿಲುಗಳನ್ನು ಅಳೆಯುವುದೇ ಹೊಸ ಮನೆಗಳನ್ನು ಕಟ್ಟಬೇಕಾದವನ ಕೆಲಸವಾಯಿತು. ವಿದ್ಯೆಯು ಸವೆಯದೆ ಉಳಿಯಿತೇ ಹೊರತು ಅದಕ್ಕೆ ನೆಲೆಯು ಸಿಕ್ಕಿರಲಿಲ್ಲ.

ಆ ನೆಲೆಯು ಬೆಂಗಳೂರಿನಲ್ಲಿ ಸಿಕ್ಕಿತು. ಕೋನಿಗ್ಸ್‌ಬರ್ಗರರ ಸೋದರಮಾವ ಮಾಕ್ಸ್ ಬಾರ್ನರು ಭೌತವಿಜ್ಞಾನದಲ್ಲಿ ಜಗತ್ಪ್ರಸಿದ್ಧರು. 1954ರಲ್ಲಿ ನೊಬೆಲ್ ಪಾರಿತೋಷಕವನ್ನು ಪಡೆದವರು. ಅವರನ್ನೂ 1933ರಲ್ಲಿಯೇ ಗಟ್ಟಿಂಗೆನ್ ವಿಶ್ವವಿದ್ಯಾಲಯದಿಂದ ತೆಗೆದುಹಾಕಿದ್ದರು. ಸರ್ ಸಿ. ವಿ. ರಾಮನ್ನರ ಆಹ್ವಾನದ ಮೇರೆಗೆ ಬಾರ್ನರು 1935ರಲ್ಲಿ ಬೆಂಗಳೂರಿನ ಭಾರತೀಯ ವಿಜ್ಞಾನ ಮಂದಿರಕ್ಕೆ ಬಂದು 1936ರ ತನಕ ಸುಮಾರು ಆರು ತಿಂಗಳು ಇದ್ದರು. ಅವರನ್ನು ಖಾಯಂ ಪ್ರಾಧ್ಯಾಪಕರಾಗಿ ಉಳಿಸಿಕೊಳ್ಳಬೇಕೆಂದು ರಾಮನ್ನರು ಪಟ್ಟ ಪ್ರಯತ್ನವು ಫಲಿಸಲಿಲ್ಲ. ಸ್ವಂತ ದೇಶದವರೇ ಹೊರಗೆ ಹಾಕಿದವನು ಈ ಸಂಸ್ಥೆಗೆ ಏತಕ್ಕೆ ಎಂಬ ಧಾಟಿಯ ಮಾತನ್ನು ಬಾರ್ನರು ತುಂಬಿದ ಸಭೆಯಲ್ಲಿ ಕುಳಿತು ಕೇಳಬೇಕಾಯಿತು. ಅವರು ಹಿಂದಿರುಗಿ ಎಡಿನ್‌ಬರೋ ವಿಶ್ವವಿದ್ಯಾಲಯವನ್ನು ಸೇರಿದರು. ಆಶ್ರಯವನ್ನು ಅರಸಿ ಬಂದವನಿಗೆ ಎಲ್ಲ ಬಾಗಿಲುಗಳೂ ತೆರೆದಿರುವುದಿಲ್ಲವೆಂಬುದಕ್ಕೆ ಬೆಂಗಳೂರೂ ಸಾಕ್ಷಿ.

ಆದರೆ ಸೋದರಮಾವನಿಗೆ ಸಿಗದ ನೆಲೆಯು ಅಳಿಯನಿಗೆ ಸಿಕ್ಕಿತು. ಮೈಸೂರು ಸಂಸ್ಥಾನದ ದಿವಾನರು ಆಗ ಸರ್ ಮಿರ್ಜಾ ಇಸ್ಮಾಯಿಲರು. ಅವರ ಅಜ್ಜ ಆಗಾ ಅಲಿ ಅಸ್ಕರರು ಪಾರಸಿಕ ದೇಶದ ಶಿರಾಜಿನಿಂದ ಕುದುರೆಗಳನ್ನು ತಂದು 1824ರಲ್ಲಿ ಬೆಂಗಳೂರಿನಲ್ಲಿ ನೆಲಸಿದವರು. ಮೂರನೆಯ ತಲೆಯಲ್ಲಿ ಆ ಮನೆತನದವರು ಸಂಸ್ಥಾನದ ದಿವಾನರಾಗಿದ್ದರು. ಲಾಲ್‌ಬಾಗಿನ ಸಸ್ಯಸಂಪತ್ತನ್ನು ಬೆಳೆಸಿದ ಕ್ರುಂಬಿಗೆಲರೂ ಜರ್ಮನರೇ. ಹೊರಗಿನಿಂದ ಬಂದವನನ್ನು ಅವನ ಕೆಲಸದಿಂದ ಅಳೆಯುವ ಅಭ್ಯಾಸವು ಆ ಸಂಸ್ಥಾನದಲ್ಲಿ ಹಿಂದಿನಿಂದಲೂ ಇತ್ತು. 1939ರಲ್ಲಿ ಕೋನಿಗ್ಸ್‌ಬರ್ಗರರು ಮೈಸೂರು ಸರಕಾರದ ವಾಸ್ತುಶಿಲ್ಪಿಯ ಹುದ್ದೆಗೆ ಬಂದರು.

ಸಮಯವು ಎಷ್ಟು ಇಕ್ಕಟ್ಟಿನದಾಗಿತ್ತೆಂಬುದನ್ನು ಗಮನಿಸಬೇಕು. ಅದೇ ವರ್ಷದ ಸೆಪ್ಟ್ಂಬರಿನಲ್ಲಿ ಎರಡನೆಯ ಮಹಾಯುದ್ಧವು ತೊಡಗಿತು. ಬ್ರಿಟಿಷ್ ಇಂಡಿಯಾದಲ್ಲಿ ಜರ್ಮನರೆಲ್ಲರೂ ಶತ್ರುದೇಶದವರೆಂದು ಎಣಿಸಲ್ಪಟ್ಟರು. ಹಿಟ್ಲರನಿಂದ ಓಡಿಬಂದ ಯೆಹೂದ್ಯರಲ್ಲಿ ಕೂಡ ಹಲವರು ಆರಂಭದಲ್ಲಿ ಬಂಧನದಲ್ಲಿ ಇರಬೇಕಾಯಿತು. 1941ರ ನವಂಬರಿನಲ್ಲಿ ಜರ್ಮನಿಯು ಹೊರದೇಶಗಳಲ್ಲಿದ್ದ ತನ್ನ ಯೆಹೂದ್ಯರ ಪ್ರಜಾತ್ವವನ್ನೇ ರದ್ದುಮಾಡಿತು. ಹೀಗೆ ಹುಟ್ಟಿದ ದೇಶಕ್ಕೆ ಬೇಡವಾಗಿ, ಬಂದ ದೇಶಕ್ಕೆ ಸಂಶಯಕ್ಕೆ ಎಡೆಯಾಗಿ ಅನೇಕರು ನಡುವೆ ನಿಂತಿದ್ದಾಗ, ಕೋನಿಗ್ಸ್‌ಬರ್ಗರರ ಕೈಯಲ್ಲಿ ಒಂದು ಸಂಸ್ಥಾನದ ಕಟ್ಟಡಗಳ ಕೆಲಸವಿತ್ತು.

ಬೆಂಗಳೂರಿನ ಬಸವನಗುಡಿಯಲ್ಲಿರುವ ಕೃಷ್ಣರಾವ್ ಉದ್ಯಾನದ ಮಂಟಪವು ಅವರ ಆರಂಭದ ಕೃತಿಗಳಲ್ಲಿ ಒಂದು. ವಿಜ್ಞಾನ ಮಂದಿರದಲ್ಲಿ ವಿಮಾನಶಾಸ್ತ್ರದ ಮತ್ತು ಲೋಹಶಾಸ್ತ್ರದ ವಿಭಾಗಗಳ ಕಟ್ಟಡಗಳನ್ನೂ ಭೋಜನಶಾಲೆ ಮತ್ತು ಸಭಾಂಗಣವನ್ನೂ ಅವರು ರಚಿಸಿದರು. ಸೋದರಮಾವನನ್ನು ಉಳಿಸಿಕೊಳ್ಳದ ಸಂಸ್ಥೆಯಲ್ಲಿ ಅಳಿಯನ ಕಟ್ಟಡಗಳು ಎದ್ದುವು. ಗುಮ್ಮಟ ಕಮಾನುಗಳ ಶೋಭೆಯಲ್ಲಿ ದಿವಾನರಿಗೆ ಒಲವು; ಅಲಂಕಾರಕ್ಕಿಂತ ಉಪಯೋಗವು ದೊಡ್ಡದೆಂದು ಕಲಿತು ಬಂದವರು ಶಿಲ್ಪಿ. ಈ ಭೇದವು ಇದ್ದರೂ ಕೆಲಸವು ನಿಲ್ಲಲಿಲ್ಲ. 1940ರ ದಶಕದ ನಡುವಿನಲ್ಲಿ ಟಾಟಾ ಸಂಸ್ಥೆಯವರಿಗಾಗಿ ಜಮ್‌ಷೆಡ್‌ಪುರದ ಬೆಳವಣಿಗೆಯ ಯೋಜನೆಯನ್ನು ಸಿದ್ಧಪಡಿಸಿದರು. 1946ರಲ್ಲಿ ಮುಂಬಯಿಯಲ್ಲಿ ಮುಲ್ಕ್ ರಾಜ್ ಆನಂದರು ‘ಮಾರ್ಗ್’ ಎಂಬ ಕಲಾಪತ್ರಿಕೆಯನ್ನು ಹೊರಡಿಸಿದಾಗ ಅದರ ಹಿಂದಿದ್ದ ಶಿಲ್ಪಿಗಳ ಬಳಗದಲ್ಲಿ ಅವರೂ ಇದ್ದರು. 1948ರಲ್ಲಿ ಒರಿಸ್ಸದ ಹೊಸ ರಾಜಧಾನಿಯಾದ ಭುವನೇಶ್ವರದ ನಕ್ಷೆಯನ್ನು ಬರೆದುಕೊಟ್ಟವರೂ ಅವರೇ.

ಈ ನಾಡಿನಲ್ಲಿ ಕೆಲಸಮಾಡಿದ ವರ್ಷಗಳಲ್ಲಿ ಅವರು ಕೊಟ್ಟಷ್ಟೇ ಕಲಿತರು. ಬರ್ಲಿನಿನ ವಿದ್ಯೆಯು ಚಳಿಯ ದೇಶದ್ದು. ಅಲ್ಲಿ ಬಿಸಿಲನ್ನು ಮನೆಯೊಳಕ್ಕೆ ಕರೆಯಬೇಕು, ಇಲ್ಲಿ ತಡೆಯಬೇಕು. ಸೂರ್ಯನು ಯಾವ ತಿಂಗಳಲ್ಲಿ ಯಾವ ಎತ್ತರದಲ್ಲಿ ನಡೆಯುವನು, ಗಾಳಿಯು ಯಾವ ದಿಕ್ಕಿನಿಂದ ಬೀಸುವುದು, ಮಳೆಯು ಎಷ್ಟು ಓರೆಯಾಗಿ ಹೊಡೆಯುವುದು ಎಂಬುದನ್ನು ಅಳೆದು ತಿಳಿದ ಮೇಲೆಯೇ ಗೋಡೆಯ ದಪ್ಪವನ್ನೂ ಕಿಟಕಿಯ ಅಗಲವನ್ನೂ ನಿರ್ಣಯಿಸಬೇಕೆಂದು ಅವರು ಮುಂದೆ ಬೋಧಿಸಿದರು. ಒಣ ಸೆಕೆಯ ಸೀಮೆಗೆ ಹಗಲಿನ ಬಿಸಿಯನ್ನು ಒಳಗೆ ಬಿಡದ ದಪ್ಪ ಗೋಡೆಯು ಹಿತ. ತೇವದ ಸೆಕೆಯ ಸೀಮೆಗೆ ಗಾಳಿಯಾಡುವ ತೆರೆದ ಮನೆಯು ಹಿತ. ಒಂದಕ್ಕೆ ಒಳ್ಳೆಯದಾದುದು ಇನ್ನೊಂದಕ್ಕೆ ಕೆಡುಕು.

ತುಳುನಾಡಿನ ಗೃಹಸ್ಥರಿಗೆ ಇದು ಹೊಸ ಮಾತೆನಿಸದು. 1430ರಲ್ಲಿ ಕಟ್ಟಿದ ಮೂಡಬಿದಿರೆಯ ಸಾವಿರ ಕಂಬದ ಬಸದಿಯ ಇಳಿಜಾರಾದ ಮಾಡುಗಳು ಘಟ್ಟದ ಮೇಲಿನ ಗುಡಿಗಳಲ್ಲಿ ಕಾಣಸಿಗವು; ಅವು ಈ ಸೀಮೆಯ ಮಳೆಗೆ ಶಿಲ್ಪಿಗಳು ಕೊಟ್ಟ ಉತ್ತರ. ಮುರಕಲ್ಲಿನ ಗೋಡೆ, ಗೋಡೆಯನ್ನು ದಾಟಿ ಮುಂದಕ್ಕೆ ಚಾಚಿದ ಸೂರು, ಬಿಸಿಲು ಬೀಳದ ಜಗಲಿ, ನಡುವಿನ ಅಂಗಣ ಇವೆಲ್ಲವೂ ಅದೇ ಲೆಕ್ಕದ ಫಲಗಳು. ಅಜ್ಜಂದಿರು ಅನುಭವದಿಂದ ಬಲ್ಲುದನ್ನು ಕೋನಿಗ್ಸ್‌ಬರ್ಗರರು ಅಳತೆಗೂ ಶಾಸ್ತ್ರಕ್ಕೂ ಒಳಪಡಿಸಿ, ಬೇರೆ ದೇಶದ ಶಿಷ್ಯರಿಗೂ ಕಲಿಸಬಹುದಾದ ವಿದ್ಯೆಯನ್ನಾಗಿ ಮಾಡಿದರು.

1947ರಲ್ಲಿ ದೇಶವು ಸ್ವತಂತ್ರವಾಯಿತು, ಇಬ್ಭಾಗವೂ ಆಯಿತು. ಒಂದು ಕೋಟಿಗೂ ಮಿಕ್ಕ ಜನರು ಮನೆಮಠಗಳನ್ನು ಬಿಟ್ಟು ಗಡಿಯನ್ನು ದಾಟಿದರು. ಒಂದು ಹಳ್ಳಿಯ ಮನೆಗಳನ್ನು ಹೊಳೆಯು ಒಯ್ದರೆ ಎಷ್ಟು ಸಂಕಟವೆಂಬುದನ್ನು 1923ರ ನೇತ್ರಾವತಿಯ ನೆರೆಯಲ್ಲಿ ಬಂಟವಾಳದವರು ಕಂಡಿದ್ದರು. ಇಲ್ಲಿ ಸೀಮೆಗೆ ಸೀಮೆಯೇ ಮನೆಯಿಲ್ಲದೆ ನಿಂತಿತ್ತು. 1948ರಲ್ಲಿ ಭಾರತ ಸರಕಾರವು ಕೋನಿಗ್ಸ್‌ಬರ್ಗರರನ್ನು ದೆಹಲಿಗೆ ಕರೆಯಿಸಿ ಗೃಹನಿರ್ಮಾಣದ ನಿರ್ದೇಶಕರನ್ನಾಗಿ ನೇಮಿಸಿತು. ಫರೀದಾಬಾದ್, ಗಾಂಧೀಧಾಮ ಮೊದಲಾದ ಹೊಸ ಊರುಗಳ ಯೋಜನೆಗಳಲ್ಲಿ ಅವರ ಕೈಯಿತ್ತು. ಮನೆಯಿಂದ ಹೊರದೂಡಲ್ಪಟ್ಟವನೊಬ್ಬನು ಹಾಗೆಯೇ ಹೊರದೂಡಲ್ಪಟ್ಟ ಲಕ್ಷಾಂತರ ಜನರಿಗೆ ಮನೆಗಳನ್ನು ಯೋಚಿಸುವ ಕೆಲಸಕ್ಕೆ ಕುಳಿತನು.

ಆ ಕೆಲಸವೆಲ್ಲವೂ ಕೈಗೂಡಿತೆಂದು ಹೇಳಲಾಗದು. ಗೋಡೆಯ ಹಲಗೆಗಳನ್ನು ಕಾರ್ಖಾನೆಯಲ್ಲಿ ಎರಕಹೊಯ್ದು, ಸ್ಥಳಕ್ಕೆ ಒಯ್ದು ಜೋಡಿಸಿ, ಅಗ್ಗವಾಗಿಯೂ ಬೇಗವಾಗಿಯೂ ಮನೆಗಳನ್ನು ನಿಲ್ಲಿಸಬೇಕೆಂಬ ಯೋಜನೆಗಾಗಿ ದೆಹಲಿಯಲ್ಲಿ ಒಂದು ಸರಕಾರಿ ಕಾರ್ಖಾನೆಯು ಸ್ಥಾಪಿತವಾಯಿತು. ಹಲಗೆಗಳು ಬಿರುಕುಬಿಟ್ಟವು, ಲೆಕ್ಕಹಾಕಿದ ಅಗ್ಗವು ಕೈಗೆ ಬರಲಿಲ್ಲ, ಟೀಕೆಯು ಬಲವಾಯಿತು, ಯೋಜನೆಯು ನಿಂತಿತು. 1951ರಲ್ಲಿ ಅವರು ಭಾರತವನ್ನು ಬಿಟ್ಟು ಲಂಡನಿಗೆ ಹೋದರು. ಹನ್ನೆರಡು ವರ್ಷಗಳ ಈ ನೆಲೆಯೂ ಹೀಗೆ ಮುಗಿಯಿತು.

ಆದರೆ ಇಲ್ಲಿ ಪಡೆದ ಅನುಭವವು ವ್ಯರ್ಥವಾಗಲಿಲ್ಲ. 1954ರಲ್ಲಿ ಲಂಡನಿನ ವಾಸ್ತುಶಿಲ್ಪ ವಿದ್ಯಾಲಯದಲ್ಲಿ ಉಷ್ಣದೇಶಗಳ ವಾಸ್ತುವಿಗಾಗಿಯೇ ಒಂದು ವಿಭಾಗವು ತೆರೆಯಲ್ಪಟ್ಟಿತು. ಕೆಲವು ವರ್ಷಗಳಲ್ಲಿ ಕೋನಿಗ್ಸ್‌ಬರ್ಗರರು ಅದರ ಮುಖ್ಯಸ್ಥರಾದರು. ಏಷ್ಯ ಆಫ್ರಿಕಗಳ ತರುಣ ಶಿಲ್ಪಿಗಳು ಅಲ್ಲಿಗೆ ಬಂದು ಕಲಿತರು. ವಿಶ್ವಸಂಸ್ಥೆಯ ಪರವಾಗಿ ಅವರು ಇತರ ಇಬ್ಬರೊಡನೆ ಘಾನಾ ದೇಶಕ್ಕೆ ಹೋದಾಗ ಮಂಡಿಸಿದ ಸಲಹೆಯು ಸ್ವಾರಸ್ಯವಾದುದು: ಹಳ್ಳಿಯವರು ಗೋಡೆಯನ್ನು ತಮ್ಮ ಕೈಯಿಂದಲೇ ಎಬ್ಬಿಸಬಲ್ಲರು, ಅವರಿಗೆ ಎಟುಕದಿರುವುದು ಮಾಡು, ಆದುದರಿಂದ ಸರಕಾರವು ಮನೆಯನ್ನು ಕಟ್ಟಿಕೊಡದೆ ಮಾಡಿಗೆ ಸಾಲವನ್ನು ಕೊಡಲಿ. ಇಡಿಯ ಮನೆಯನ್ನು ಕಾರ್ಖಾನೆಯಲ್ಲಿ ಮಾಡಿಕೊಡಹೊರಟ ದೆಹಲಿಯ ಯೋಜನೆಗೂ ಈ ಸಲಹೆಗೂ ಇರುವ ದೂರವನ್ನು ನೋಡಿದರೆ, ಸೋಲಿನಿಂದ ಪಾಠ ಕಲಿತ ಮನಸ್ಸು ಅದೆಂದು ತಿಳಿಯುವುದು. 1970ರ ದಶಕದಲ್ಲಿ ಜತೆಗಾರರೊಡನೆ ಅವರು ಪ್ರಕಟಿಸಿದ, ಉಷ್ಣದೇಶಗಳ ಮನೆಗಳನ್ನೂ ಕಟ್ಟಡಗಳನ್ನೂ ಕುರಿತ ಕೈಪಿಡಿಯು ಭಾರತದ ವಾಸ್ತುಶಿಲ್ಪದ ವಿದ್ಯಾರ್ಥಿಗಳಿಗೂ ಪಠ್ಯವಾಯಿತು. 1999ರ ಜನವರಿ 3ರಂದು, ತೊಂಬತ್ತು ವರ್ಷಗಳ ಬಾಳನ್ನು ಮುಗಿಸಿ, ಅವರು ಲಂಡನಿನಲ್ಲಿ ತೀರಿಕೊಂಡರು.

ಮೂವರ ಬಾಳುಗಳನ್ನು ಒಂದರ ಪಕ್ಕದಲ್ಲಿ ಒಂದನ್ನು ಇರಿಸಿದರೆ ಕಾಣುವುದೇನು? ಮೂವರ ವಿದ್ಯೆಯನ್ನೂ ದೇಶವು ಮೊದಲು ಕೊಂಡಾಡಿತ್ತು. ಮೂವರೂ ತಮ್ಮ ನೆಲೆಗಳನ್ನು ಒಂದೇ ರಾಜ್ಯದ ಆಳಿಕೆಯಲ್ಲಿ ಕಳೆದುಕೊಂಡರು. ಕಾಯಿದೆಯು ಕಸಿದ ನೆಲೆಯು ಒಂದಾದರೆ, ಕಾಯಿದೆಯು ಕೇಳುವ ಮೊದಲೇ ಗೆಳೆಯರೂ ಸಂಘದವರೂ ಬಿಟ್ಟುಕೊಟ್ಟ ನೆಲೆಯು ಇನ್ನೊಂದು. ಹಿರ್ಶರನ್ನು ನೋಯಿಸಿದುದು ಈ ಎರಡನೆಯದು. ಆಟಗಾರನ ವಿದ್ಯೆಗೆ ವಯಸ್ಸಿನ ಮಿತಿಯುಂಟು. ಐವತ್ತರಲ್ಲಿ ಹೊಸ ದೇಶವನ್ನು ಸೇರಿದವನಿಗೆ ಯಾವ ಬಯಲನ್ನು ಕೊಟ್ಟರೂ ಪ್ರಯೋಜನವಿಲ್ಲ. ಅವನಿಗೆ ಹಿಂದಿರುಗಿಸಬಹುದಾದುದು ಹೆಸರು ಒಂದೇ. 1939ರಲ್ಲಿ ಅಳಿಸಿದ ಆ ಹೆಸರನ್ನು 1972ರಲ್ಲಿಯೂ ಖರ್ಚಿನ ನೆವದಿಂದ ಹಿಂದಿರುಗಿಸಲಿಲ್ಲ. ಜರ್ಮನಿಯ ಕಾಲ್ಚೆಂಡು ಒಕ್ಕೂಟವು 2005ರಿಂದ ಯೂಲಿಯುಸ್ ಹಿರ್ಶರ ಹೆಸರಿನಲ್ಲಿ, ಜನಾಂಗದ್ವೇಷದ ಎದುರು ನಿಲ್ಲುವವರಿಗೆ, ಪಾರಿತೋಷಕವೊಂದನ್ನು ಕೊಡುತ್ತ ಬಂದಿದೆ. ಅದು ಯೋಗ್ಯವಾದ ಕೆಲಸ. ಆದರೆ ಅದಕ್ಕೆ ಹಿರ್ಶರು ಇರಲಿಲ್ಲ, ಫುಕ್ಸರೂ ಇರಲಿಲ್ಲ.

ಮೈಸೂರು ಸಂಸ್ಥಾನವು ಮಾಡಿದುದು ದೊಡ್ಡ ದಾನವೇನೂ ಅಲ್ಲ. ಕಟ್ಟಡಗಳನ್ನು ಬಲ್ಲವನೊಬ್ಬನು ಬೇಕಾಗಿದ್ದನು. ಬಲ್ಲವನೊಬ್ಬನಿಗೆ ಕೆಲಸವು ಬೇಕಾಗಿತ್ತು. ಅವನ ಹುಟ್ಟನ್ನು ಕೇಳದೆ ಕೆಲಸವನ್ನು ಕೊಟ್ಟು ಸಂಬಳವನ್ನು ಕೊಟ್ಟರು. ಆದರೆ ಕೊಟ್ಟುದು 1939ರಲ್ಲಿ, ವಿದ್ಯೆಯು ಇನ್ನೂ ಎಳೆಯದಾಗಿದ್ದಾಗ, ಬಾಗಿಲುಗಳು ಒಂದೊಂದಾಗಿ ಮುಚ್ಚುತ್ತಿದ್ದಾಗ. ಆ ಹೊತ್ತಿನ ಒಂದು ನೇಮಕದ ಕಾಗದಕ್ಕೆ, ಅರುವತ್ತು ಎಪ್ಪತ್ತು ವರ್ಷಗಳ ಬಳಿಕ ನಡೆಯುವ ಯಾವ ಸನ್ಮಾನವೂ ಸಾಟಿಯಾಗಲಾರದು.